ಓದುಗರ ಪ್ರಶ್ನೆ, ನಮ್ಮ ಉತ್ತರ: ಎರೆ ಹೊಲದ ಒಳಗಿನ ಸಮೀಕರಣಗಳು

ಕಾಯ್ದ ಸರಳಿನಲ್ಲಿ ಶಾಖ ಹೇಗೆ ಹರಡುತ್ತದೆ ಎಂಬುದನ್ನು ಹೇಳುವ ಉಷ್ಣ ಸಮೀಕರಣದ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಸಣ್ಣ ಟಿಪ್ಪಣಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಗಣಿತದಿಂದ ಹೊರಟು ಹೊಲದಲ್ಲಿ ಬಂದು ನಿಂತಿವೆ. ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳಿಂದ ಬಂದ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿ ಗಣಿತ ಕಲಿಸಿಕೊಂಡು ಬಂದ ನನಗೆ ಇದಕ್ಕಿಂತ ಪ್ರಿಯವಾದ ವಿಷಯವಿಲ್ಲ. ಎರಡನೆಯ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿರುವುದನ್ನು ಉಳಿದವರು ಮನ್ನಿಸಬೇಕು.

ಪ್ರಶ್ನೆ: ನಾನು ಧಾರವಾಡದಲ್ಲಿ ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಆಂಶಿಕ ಅವಕಲ ಸಮೀಕರಣಗಳನ್ನು, ಅಂದರೆ ಜಾಗ ಮತ್ತು ಕಾಲದಂತಹ ಒಂದಕ್ಕಿಂತ ಹೆಚ್ಚು ಚರಗಳೊಡನೆ ಆಗುವ ಬದಲಾವಣೆಯನ್ನು ಹೇಳುವ ಸಮೀಕರಣಗಳನ್ನು, ಬಿಡಿಸುವುದನ್ನು ಕಲಿಯುತ್ತಿದ್ದೇವೆ. ಆದರೆ ಪಾಠದಲ್ಲಿ ಬರುವ ಸರಳು, ತಂತಿ, ತಗಡುಗಳನ್ನು ಬಿಟ್ಟರೆ ಇವು ಎಲ್ಲಿ ಬಳಕೆಗೆ ಬರುತ್ತವೆ ಎಂಬುದು ತಿಳಿಯುತ್ತಿಲ್ಲ. ನಮಗೆ ಆರು ಎಕರೆ ಎರೆ ಹೊಲವಿದೆ. 'ನಿನ್ನ ಲೆಕ್ಕ ನಮ್ಮ ಹೊಲಕ್ಕ ಏನ್ ಹೇಳತೈತಿ' ಎಂದು ಅಪ್ಪ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಉತ್ತರ: ನಿಮ್ಮ ಊರಿನ ಹಿರಿಯರನ್ನು ಹಗೇವಿನ ಬಗ್ಗೆ ಕೇಳಿ ನೋಡಿ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಮುಂದೆಯೇ ಒಂದು ಹಗೇವಿತ್ತು. ಗಟ್ಟಿ ಗರಸು ನೆಲದಲ್ಲಿ ಆಳುದ್ದಕ್ಕಿಂತ ಹೆಚ್ಚು ಆಳಕ್ಕೆ ತೋಡಿ, ಒಳಗೋಡೆಗೆ ಜೋಳದ ಕಣಿಕೆ ಮತ್ತು ಹೊಟ್ಟನ್ನು ಒತ್ತಿ, ಜೋಳ ತುಂಬಿ, ಕಿರಿದಾದ ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಏರಿಸುತ್ತಿದ್ದರು. ತೆರೆದಾಗ ತಕ್ಷಣ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಒಳಗೆ ತುಂಬಿರುತ್ತಿತ್ತು, ಆದ್ದರಿಂದ ಮೊದಲು ದೀಪ ಇಳಿಸಿ ಅದು ಉರಿಯುತ್ತದೆಯೇ ಎಂದು ನೋಡುತ್ತಿದ್ದರು. ಈ ಹಗೇವು ಅಷ್ಟು ಆಳದಲ್ಲಿ ಏಕೆ ಇರಬೇಕಾಗಿತ್ತು ಎಂಬ ಪ್ರಶ್ನೆಗೆ ನೀವು ಕಲಿಯುತ್ತಿರುವ ಸಮೀಕರಣದಲ್ಲಿಯೇ ಉತ್ತರವಿದೆ.

ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟಿಸಿದ ಉಷ್ಣ ಸಮೀಕರಣ ಹೇಳುವುದು ಇಷ್ಟು: ಒಂದು ಜಾಗದ ತಾಪಮಾನ ಎಷ್ಟು ಬೇಗ ಬದಲಾಗುತ್ತದೆ ಎಂಬುದು, ಆ ಜಾಗ ತನ್ನ ಅಕ್ಕಪಕ್ಕದ ಸರಾಸರಿಗಿಂತ ಎಷ್ಟು ಬಿಸಿ ಅಥವಾ ಎಷ್ಟು ತಂಪಾಗಿದೆ ಎಂಬುದನ್ನು ಅವಲಂಬಿಸಿದೆ. ನಿಮ್ಮ ಪಾಠದ ಸರಳಿಗೆ ಎರಡು ತುದಿಗಳಿವೆ. ಹೊಲಕ್ಕೆ ಮೇಲೆ ಮಾತ್ರ ತುದಿ, ಕೆಳಗೆ ಕೊನೆಯಿಲ್ಲ ಎಂದು ಹಿಡಿಯಬಹುದು. ಮೇಲಿನ ತುದಿಯಲ್ಲಿ ಬಿಸಿಲು ಹಗಲಿಗೆ ಏರಿ ರಾತ್ರಿಗೆ ಇಳಿಯುತ್ತದೆ, ಅಂದರೆ ಅಲ್ಲಿನ ಗಡಿ ನಿಬಂಧನೆ (ತುದಿಯಲ್ಲಿ ಏನು ನಡೆಯುತ್ತದೆ ಎಂದು ಹೊರಗಿನಿಂದ ಕೊಡುವ ಷರತ್ತು) ಒಂದು ಕೊಸೈನ್ ಅಲೆ. ಇಲ್ಲಿ ಅನಂತ ಶ್ರೇಣಿಗಳ ಅಗತ್ಯವೇ ಇಲ್ಲ. ಆಳಕ್ಕೆ ಇಳಿದಂತೆ ಘಾತೀಯವಾಗಿ ಕುಗ್ಗುವ ಮತ್ತು ಆಳಕ್ಕೆ ತಕ್ಕಂತೆ ತಡವಾಗುವ ಅಲೆಯನ್ನು ಊಹಿಸಿಕೊಂಡು ಸಮೀಕರಣದಲ್ಲಿ ಹಾಕಿ ನೋಡಿ. ಎರಡೂ ಬದಿ ಸಮವಾಗಬೇಕಾದರೆ ಕುಗ್ಗುವ ಆಳದ ವರ್ಗವು, ಮಣ್ಣಿನ ಉಷ್ಣ ವಿಸರಣ ಗುಣಾಂಕದ (ಮಣ್ಣಿನಲ್ಲಿ ಶಾಖ ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ) ಎರಡರಷ್ಟನ್ನು ಅಲೆಯ ಕೋನೀಯ ಆವೃತ್ತಿಯಿಂದ (2π ಅನ್ನು ಅಲೆಯ ಅವಧಿಯಿಂದ ಭಾಗಿಸಿದ್ದು) ಭಾಗಿಸಿದಷ್ಟೇ ಇರಬೇಕು. ಇಷ್ಟೇ ಲೆಕ್ಕ, ಒಂದು ಪುಟದಲ್ಲಿ ಮುಗಿಯುತ್ತದೆ.

ಈಗ ಅಂಕಿ ಹಾಕೋಣ. ಸಾಧಾರಣ ಮಣ್ಣಿಗೆ ಆ ಗುಣಾಂಕ ಸೆಕೆಂಡಿಗೆ ಸುಮಾರು ಅರ್ಧ ಚದರ ಮಿಲಿಮೀಟರ್. ಒಂದು ದಿನದ ಅಲೆಗೆ ಕುಗ್ಗುವ ಆಳ ಸುಮಾರು 12 ಸೆಂ.ಮೀ. ಬರುತ್ತದೆ. ಅಂದರೆ ಪ್ರತಿ 12 ಸೆಂ.ಮೀ.ಗೆ ಏರಿಳಿತ ಶೇ 37ಕ್ಕೆ ಇಳಿಯುತ್ತದೆ, ಮತ್ತು ಮೇಲಿನ ಬಿಸಿ ಅಲ್ಲಿಗೆ ತಲುಪಲು ಸುಮಾರು 4 ತಾಸು ಹಿಡಿಯುತ್ತದೆ. ಅರ್ಧ ಮೀಟರ್ ಆಳದಲ್ಲಿ ಹಗಲು–ರಾತ್ರಿಯ ವ್ಯತ್ಯಾಸ ಶೇ 2ರಷ್ಟೂ ಉಳಿಯುವುದಿಲ್ಲ. ವರ್ಷದ ಅಲೆಗೆ ಅದೇ ಆಳ 365ರ ವರ್ಗಮೂಲದಷ್ಟು, ಅಂದರೆ 19 ಪಟ್ಟು ಹೆಚ್ಚಾಗಿ ಸುಮಾರು 2.2 ಮೀಟರ್ ಆಗುತ್ತದೆ. ಮೂರು ಮೀಟರ್ ಆಳದ ಹಗೇವಿನ ತಳದಲ್ಲಿ ಬೇಸಿಗೆ–ಚಳಿಗಾಲದ ಏರಿಳಿತ ಕಾಲುಭಾಗಕ್ಕೆ ಇಳಿದಿರುತ್ತದೆ, ಮತ್ತು ಮೇ ತಿಂಗಳ ಬಿಸಿಯ ತುದಿ ಅಲ್ಲಿಗೆ ಮುಟ್ಟುವುದು ಸುಮಾರು ಎರಡೂವರೆ ತಿಂಗಳ ನಂತರ, ಮೇಲೆ ಮಳೆಗಾಲ ನಡೆಯುತ್ತಿರುವಾಗ. ಹುಳು ಬೆಳೆಯಲು ಬೇಕಾದ ಗಾಳಿಯೂ ಇಲ್ಲದ, ಬಿಸಿಯ ಏರುಪೇರೂ ಇಲ್ಲದ ಆ ಕತ್ತಲೆಯಲ್ಲಿ ಜೋಳ ಬಹುಕಾಲ ಕೆಡದೆ ಉಳಿಯುತ್ತಿತ್ತು.

ಇದೇ ಉತ್ತರದಲ್ಲಿ ಇನ್ನೊಂದು ಮಾತು ಅಡಗಿದೆ. ಅಲೆ ನಿಧಾನವಾದಷ್ಟೂ ಅದು ಆಳಕ್ಕೆ ಇಳಿಯುತ್ತದೆ. ನೂರು ವರ್ಷಗಳ ಬದಲಾವಣೆಗೆ ಕುಗ್ಗುವ ಆಳ ವರ್ಷದ ಅಲೆಯ ಹತ್ತು ಪಟ್ಟು, ಅಂದರೆ 22 ಮೀಟರಿಗೂ ಹೆಚ್ಚು. ದಿನದ ಬಿಸಿಲನ್ನು, ವರ್ಷದ ಬೇಸಿಗೆಯನ್ನು ತಡೆಯುವ ನೆಲ, ಶತಮಾನದ ತಾಪಮಾನ ಏರಿಕೆಯನ್ನು ತಡೆಯುವುದಿಲ್ಲ. ಆಳವಾದ ಕೊಳವೆಬಾವಿಗಳಲ್ಲಿ ತಾಪಮಾನಮಾಪಕವನ್ನು ಇಳಿಸಿ, ಅದೇ ಸಮೀಕರಣವನ್ನು ಹಿಂದುಮುಂದಾಗಿ ಬಿಡಿಸಿ, ಮೇಲಿನ ನೆಲ ಕಳೆದ ಶತಮಾನಗಳಲ್ಲಿ ಎಷ್ಟು ಕಾಯ್ದಿದೆ ಎಂದು ವಿಜ್ಞಾನಿಗಳು ಓದುತ್ತಾರೆ.

ನಿಮ್ಮ ತಂದೆಯವರಿಗೆ ಹೀಗೆ ಹೇಳಬಹುದು: ಸಮೀಕರಣ ಧಾರವಾಡಕ್ಕೂ ಪ್ಯಾರಿಸ್ಸಿಗೂ ಒಂದೇ. ಆದರೆ ಮೇಲಿನ ಗಡಿಯಲ್ಲಿ ಏನು ನಡೆಯುತ್ತದೆ ಎಂಬುದು ಒಂದೊಂದು ಹೊಲಕ್ಕೆ ಒಂದೊಂದು ರೀತಿ, ಮತ್ತು ಒಕ್ಕಲಿಗನ ಕೈ ನಡೆಯುವುದು ಆ ಗಡಿಯಲ್ಲಿಯೇ. ಮುಂದಿನ ಪ್ರಶ್ನೆಯಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ.

ಪ್ರಶ್ನೆ: ನವಲಗುಂದ ತಾಲ್ಲೂಕಿನಲ್ಲಿ ಕಾಲುವೆ ನೀರು ಬಾರದ ಹನ್ನೆರಡು ಎಕರೆ ಎರೆ ಹೊಲ ನಮ್ಮದು. ಮೊದಲು ಹಿಂಗಾರಿ ಬಿತ್ತುವ ಮುನ್ನ ಮಳೆ ಎಂಟು–ಹತ್ತು ದಿನ ಹಿಡಿದುಕೊಂಡು ಬೀಳುತ್ತಿತ್ತು. ಈಗ ಅಷ್ಟೇ ಮಳೆ ಒಂದು ಸಂಜೆಯಲ್ಲಿ ಸುರಿದು ಹೋಗುತ್ತದೆ. ಲೆಕ್ಕದಲ್ಲಿ ಮಳೆ ಸಾಕಷ್ಟಾಗಿದೆ ಎನ್ನುತ್ತಾರೆ, ಆದರೆ ಜೋಳ ತೆನೆ ಹೊರಡುವ ಹೊತ್ತಿಗೆ ನೆಲದಲ್ಲಿ ಹಸಿ ಇರುವುದಿಲ್ಲ. ಹೀಗೇಕೆ? ನಾವು ಏನು ಮಾಡಬೇಕು?

ಉತ್ತರ: ಮಳೆಮಾಪಕ ಆಕಾಶದಿಂದ ಬಿದ್ದದ್ದನ್ನು ಅಳೆಯುತ್ತದೆ, ನಿಮ್ಮ ಜೋಳಕ್ಕೆ ಲೆಕ್ಕವಾಗುವುದು ನೆಲದೊಳಗೆ ಇಳಿದದ್ದು ಮಾತ್ರ. ಇವೆರಡರ ನಡುವೆ ಒಂದು ಸಮೀಕರಣವಿದೆ, ಮತ್ತು ಮಳೆಯ ರೀತಿ ಬದಲಾದಾಗ ಪೆಟ್ಟು ಬೀಳುವುದು ಅಲ್ಲಿಯೇ.

ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳಿನ ಮೂಲಕ ನೀರು ಇಳಿಯುವ ವೇಗದ ನಿಯಮವನ್ನು 1856ರಲ್ಲಿ ಪ್ರಕಟಿಸಿದರು. ಅಮೆರಿಕದ ಎಡ್ಗರ್ ಬಕಿಂಗ್‌ಹ್ಯಾಮ್ 1907ರಲ್ಲಿ ಅದನ್ನು ಪೂರ್ತಿ ತೊಯ್ಯದ ಮಣ್ಣಿಗೂ ವಿಸ್ತರಿಸಿದರು. 1931ರಲ್ಲಿ ಲೊರೆಂಜೊ ರಿಚರ್ಡ್ಸ್ ಇದನ್ನು ನೀರಿನ ಜಮಾ–ಖರ್ಚಿನ ಲೆಕ್ಕದೊಂದಿಗೆ ಕೂಡಿಸಿ ಬರೆದ ಸಮೀಕರಣವನ್ನೇ ಇಂದಿಗೂ ಮಣ್ಣು ವಿಜ್ಞಾನಿಗಳು ಬಳಸುತ್ತಾರೆ. ನೋಡಲು ಇದು ಉಷ್ಣ ಸಮೀಕರಣದ ತಮ್ಮನಂತಿದೆ, ಆದರೆ ಸ್ವಭಾವ ಬಹಳ ಒರಟು. ಶಾಖವನ್ನು ಹರಿಯಗೊಡುವ ಮಣ್ಣಿನ ಗುಣ ಬಿಸಿ ಹೆಚ್ಚಾದರೂ ಕಡಿಮೆಯಾದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನೀರನ್ನು ಹರಿಯಗೊಡುವ ಗುಣ ಹಾಗಲ್ಲ. ತೊಯ್ದ ಮಣ್ಣು ಒಣಗುತ್ತ ಹೋದಂತೆ ಅದು ಸಾವಿರ ಪಟ್ಟು, ಲಕ್ಷ ಪಟ್ಟು ಕುಸಿಯುತ್ತದೆ. ಹರಿಯುವ ನೀರೇ ತನ್ನ ದಾರಿಯನ್ನು ಅಗಲ ಮಾಡಿಕೊಳ್ಳುತ್ತದೆ, ಇಲ್ಲದ ನೀರು ದಾರಿಯನ್ನು ಮುಚ್ಚುತ್ತದೆ. ಇಂತಹ ರೇಖೀಯವಲ್ಲದ ಸಮೀಕರಣಕ್ಕೆ ಎಲ್ಲ ಸಂದರ್ಭಗಳಿಗೂ ಹೊಂದುವ ಸೂತ್ರರೂಪದ ಉತ್ತರ ಸಿಗುವುದಿಲ್ಲ.

ಆದರೂ ಅದರಿಂದ ಒಂದು ದೊಡ್ಡ ಸತ್ಯವನ್ನು ಹೊರಗೆ ತೆಗೆಯಬಹುದು. (ಧಾರವಾಡದ ವಿದ್ಯಾರ್ಥಿನಿ ಇದನ್ನು ಗಮನಿಸಬೇಕು.) ಲುಡ್ವಿಗ್ ಬೋಲ್ಟ್ಸ್‌ಮನ್ 1894ರಲ್ಲಿ ತೋರಿಸಿದ ಉಪಾಯವೆಂದರೆ, ಆಳ ಮತ್ತು ಕಾಲ ಎಂಬ ಎರಡು ಚರಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳದೆ, ಆಳವನ್ನು ಕಾಲದ ವರ್ಗಮೂಲದಿಂದ ಭಾಗಿಸಿ ಒಂದೇ ಚರ ಮಾಡಿಕೊಳ್ಳುವುದು. ಹಾಗೆ ಮಾಡಿದೊಡನೆ ಆಂಶಿಕ ಅವಕಲ ಸಮೀಕರಣ ಸಾಮಾನ್ಯ ಅವಕಲ ಸಮೀಕರಣವಾಗುತ್ತದೆ. ಪೂರ್ತಿ ಬಿಡಿಸದೆಯೇ ಒಂದು ಮಾತು ಖಚಿತವಾಗುತ್ತದೆ: ಒಣ ಮಣ್ಣಿನೊಳಗೆ ನೀರು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಇಳಿಯುತ್ತದೆ. ಆಸ್ಟ್ರೇಲಿಯಾದ ಜಾನ್ ಫಿಲಿಪ್ 1957ರಲ್ಲಿ ಇದಕ್ಕೆ ಗುರುತ್ವದ ಪಾಲನ್ನೂ ಸೇರಿಸಿ ಸೂತ್ರ ಕೊಟ್ಟರು. ಎರೆ ಮಣ್ಣಿನಲ್ಲಿ ಆ ಎರಡನೆಯ ಪಾಲು ಬಹಳ ಸಣ್ಣದು, ಏಕೆಂದರೆ ಪೂರ್ತಿ ತೊಯ್ದ ಜಿಗುಟು ಮಣ್ಣು ನೀರನ್ನು ಬಹು ನಿಧಾನವಾಗಿ ಕೆಳಗೆ ಬಿಡುತ್ತದೆ.

ವರ್ಗಮೂಲದ ನಿಯಮ ನಿಮ್ಮ ಹೊಲದಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹಿಡಿಯೋಣ. ಮೊದಲ ತಾಸಿನಲ್ಲಿ 20 ಮಿ.ಮೀ. ನೀರು ಇಂಗುವ ಮಣ್ಣು ಎಂದುಕೊಳ್ಳಿ. ಇನ್ನೊಂದು 20 ಮಿ.ಮೀ. ಇಂಗಲು ಮತ್ತೊಂದು ತಾಸು ಸಾಲದು, ಒಟ್ಟು ನಾಲ್ಕು ತಾಸು ಬೇಕು. 60 ಮಿ.ಮೀ. ಇಂಗಲು ಒಂಬತ್ತು ತಾಸು ಬೇಕು. ಆ 60 ಮಿ.ಮೀ. ಎರಡು–ಮೂರು ದಿನ ಜಿನುಗಿದರೆ ಬಹುಪಾಲು ಒಳಗೆ ಹೋಗುತ್ತದೆ. ಒಂದೇ ತಾಸಿನಲ್ಲಿ ಸುರಿದರೆ ಸುಮಾರು 20 ಒಳಗೆ ಹೋಗಿ 40 ಮೇಲೆ ನಿಲ್ಲುತ್ತದೆ, ಮತ್ತು ನೆಲ ಸ್ವಲ್ಪ ಇಳಿಜಾರಿದ್ದರೂ ಅದು ಮೇಲ್ಮಣ್ಣನ್ನು ಹೊತ್ತುಕೊಂಡು ಬೆಣ್ಣೆಹಳ್ಳದ ದಾರಿ ಹಿಡಿಯುತ್ತದೆ. ಒಂದು ಎಕರೆಯಲ್ಲಿ 1 ಮಿ.ಮೀ. ಎಂದರೆ ಸುಮಾರು 4,000 ಲೀಟರ್. ಎಕರೆಗೆ 1,60,000 ಲೀಟರ್ ನೀರು ಒಂದು ಸಂಜೆಯಲ್ಲಿ ನಿಮ್ಮ ಕೈ ತಪ್ಪಿತು, ಆದರೆ ಮಳೆಯ ದಾಖಲೆಯಲ್ಲಿ ಅದು ಬಿದ್ದ ಮಳೆಯೇ.

ಮಳೆಯ ರೀತಿ ಬದಲಾಗಿದೆ ಎಂಬ ನಿಮ್ಮ ಅನುಭವಕ್ಕೂ ಭೌತಶಾಸ್ತ್ರದ ಬೆಂಬಲವಿದೆ. ಗಾಳಿ ಎಷ್ಟು ಆವಿಯನ್ನು ಹಿಡಿದುಕೊಳ್ಳಬಲ್ಲದು ಎಂಬುದನ್ನು ಹೇಳುವ ಕ್ಲಾಸಿಯಸ್–ಕ್ಲಾಪೆರಾನ್ ಸಮೀಕರಣದ ಪ್ರಕಾರ, ತಾಪಮಾನ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಆ ಸಾಮರ್ಥ್ಯ ಸುಮಾರು ಶೇ 7ರಷ್ಟು ಏರುತ್ತದೆ. ಆದರೆ ಭೂಮಿಯ ಒಟ್ಟು ಮಳೆ ಅಷ್ಟು ಏರಲಾರದು, ಅದನ್ನು ಶಕ್ತಿಯ ಜಮಾ–ಖರ್ಚು ಶೇ 2–3ಕ್ಕೆ ಕಟ್ಟಿಹಾಕುತ್ತದೆ. ಆದ್ದರಿಂದ ಬಿದ್ದಾಗ ಜೋರಾಗಿ ಬೀಳುವುದು, ನಡುವೆ ಹೆಚ್ಚು ದಿನ ಬಿಡುವು ಕೊಡುವುದು ಎರಡೂ ಒಟ್ಟಿಗೆ ಬರುತ್ತವೆ. 1951ರಿಂದ 2000ದವರೆಗಿನ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಭಾರತೀಯ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದು ಮಧ್ಯ ಭಾರತದಲ್ಲಿ ಇದನ್ನೇ ಕಂಡಿತು: ಮುಂಗಾರಿನ ಒಟ್ಟು ಮಳೆ ಹೆಚ್ಚು ಬದಲಾಗಿಲ್ಲ, ಆದರೆ ಭಾರಿ ಮಳೆಯ ಘಟನೆಗಳು ಹೆಚ್ಚಿವೆ, ಸಾಧಾರಣ ಮಳೆಯವು ಕಡಿಮೆಯಾಗಿವೆ.

ಇನ್ನು ಏನು ಮಾಡಬೇಕು ಎಂಬುದು. ಮಣ್ಣು ನೀರು ಕುಡಿಯುವ ವೇಗವನ್ನು ನೀವು ಬಹಳ ಬದಲಿಸಲಾರಿರಿ, ಆದರೆ ನೀರು ನೆಲದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಹಿಂಗಾರಿಗೆಂದು ಬಿಟ್ಟ ಹೊಲದಲ್ಲಿ ಚೌಕು ಮಡಿ ಹಾಕುವ ಪದ್ಧತಿ ನಮ್ಮ ಭಾಗದಲ್ಲಿ ಪರಿಚಿತವಾದದ್ದೇ, ಕೃಷಿ ವಿಶ್ವವಿದ್ಯಾಲಯದವರೂ ಇದನ್ನು ಶಿಫಾರಸು ಮಾಡುತ್ತ ಬಂದಿದ್ದಾರೆ. ಇಳಿಜಾರಿಗೆ ತಕ್ಕಂತೆ ಮೂರು ಮೀಟರಿನಿಂದ ಹತ್ತು ಮೀಟರಿನ ಚೌಕಗಳನ್ನು ಮಾಡಿ, ಸುತ್ತ ಗೇಣೆತ್ತರದ ಬದು ಏರಿಸುವುದು. ಮುಂಗಾರಿ ಮಳೆಯನ್ನು ಅವುಗಳಲ್ಲಿ ಹಿಡಿದು, ಬಿತ್ತುವ ಮುನ್ನ ಬದುಗಳನ್ನು ಹರಗಿ ನೆಲ ಸಮ ಮಾಡಿ, ಉತ್ತರಿ–ಹಸ್ತದ ಹೊತ್ತಿಗೆ ಜೋಳ ಅಥವಾ ಕಡಲೆ ಬಿತ್ತುವುದು. ಮೇಲಿನ ಉದಾಹರಣೆಯಲ್ಲಿ ಓಡಿಹೋದ 40 ಮಿ.ಮೀ. ಚೌಕದೊಳಗೆ ನಾಲ್ಕು ಬೆರಳಿಗಿಂತ ಕಡಿಮೆ ಎತ್ತರಕ್ಕೆ ನಿಲ್ಲುತ್ತದೆ ಮತ್ತು ಬೆಳಗಾಗುವುದರೊಳಗೆ ಇಂಗಿರುತ್ತದೆ. ಗಣಿತದ ಭಾಷೆಯಲ್ಲಿ ಹೇಳುವುದಾದರೆ, ಒಂದು ತಾಸಿಗೆ ಮುಗಿಯುತ್ತಿದ್ದ ಗಡಿ ನಿಬಂಧನೆಯನ್ನು ಗೇಣೆತ್ತರದ ಬದು ಒಂಬತ್ತು ತಾಸಿಗೆ ವಿಸ್ತರಿಸಿತು.

ಆದರೆ ಇದು ಎಲ್ಲರಿಗೂ ಹೊಂದುವುದಿಲ್ಲ. ಮುಂಗಾರಿಯಲ್ಲಿ ಹೆಸರು ತೆಗೆದು ಹಿಂಗಾರಿಗೆ ಜೋಳ ಹಾಕುವವರು ನಿಂತ ಬೆಳೆಯಲ್ಲಿ ಚೌಕು ಮಡಿ ಮಾಡಲಾಗದು. ಅವರು ಎಡೆ ಹೊಡೆಯುವಾಗ ಕೆಲವು ಸಾಲುಗಳಿಗೊಂದರಂತೆ ಇಳಿಜಾರಿಗೆ ಅಡ್ಡಲಾಗಿ ಹರಿ ಬಿಟ್ಟುಕೊಳ್ಳುವುದು ಲೇಸು. ಹೆಚ್ಚುವರಿ ನೀರು ಹೊರಗೆ ಹೋಗಲು ಒಡ್ಡಿಗೆ ಕಲ್ಲಿನ ಕೋಡಿ ಇರಲೇಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆಯೂ ಹಳ್ಳಗಳೂ ಉಕ್ಕಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ನಿಂತ ಎರೆಯಲ್ಲಿ ಬೇರಿಗೆ ಉಸಿರು ಸಿಗದೆ ಬೆಳೆ ಹಳದಿಯಾಗುತ್ತದೆ. ಬೇಸಿಗೆಯಲ್ಲಿ ಬಿಟ್ಟ ಸೀಳುಗಳು ಮೊದಲ ಮಳೆಯನ್ನು ನುಂಗಿ ಆಳಕ್ಕೆ ಒಯ್ಯುತ್ತವೆ ಎಂಬುದೂ ನಿಜ, ಅಲ್ಲಿಯವರೆಗೆ ವರ್ಗಮೂಲದ ನಿಯಮ ಹೊಂದುವುದಿಲ್ಲ. ಆದರೆ ಮಣ್ಣು ಉಬ್ಬಿ ಸೀಳು ಮುಚ್ಚಿದ ಮೇಲೆ ಅದೇ ನಿಯಮ.

ಕೃಷಿಹೊಂಡದ ಬಗ್ಗೆ ನನ್ನ ಅಭಿಪ್ರಾಯ ಕೇಳುವಿರಾದರೆ, ಮೊದಲು ಚೌಕು ಮಡಿ, ಆಮೇಲೆ ಹೊಂಡ. ಒಂದು ಮೀಟರ್ ಆಳದ ಒಳ್ಳೆಯ ಎರೆ ಮಣ್ಣು ಬೆಳೆಗೆ ದಕ್ಕುವ ನೀರನ್ನು 150ರಿಂದ 200 ಮಿ.ಮೀ.ವರೆಗೆ ಹಿಡಿದಿಡುತ್ತದೆ. ಅದಕ್ಕಿಂತ ಅಗ್ಗದ ಕೆರೆ ಇಲ್ಲ, ಮತ್ತು ಅದರ ಆಳದ ನೀರನ್ನು ಬಿಸಿಲು ಸುಲಭವಾಗಿ ಮುಟ್ಟುವುದಿಲ್ಲ. ಆ ಕೆರೆ ತುಂಬಿದ ಮೇಲೂ ಹರಿಯುವ ನೀರಿಗೆ ಹೊಂಡ ಬೇಕು. ತೆನೆ ಹೊರಡುವ ಹೊತ್ತಿಗೆ ಅದರಿಂದ ಒಂದು ನೀರು ಕೊಟ್ಟರೂ ಬೆಳೆ ಉಳಿಯುತ್ತದೆ.

ಪ್ರಶ್ನೆ: 'ಮಳೆ ಹೊಳವಾದ ಕೂಡಲೇ ಹರಗಬೇಕು, ಹಸಿ ಹಿಡಿಯುತ್ತದೆ' ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ನೆಲ ಕೆದರಿದರೆ ಇನ್ನೂ ಬೇಗ ಒಣಗಬೇಕಲ್ಲವೇ? (ಬ್ಯಾಡಗಿ ತಾಲ್ಲೂಕಿನ ಮೆಣಸಿನಕಾಯಿ ಬೆಳೆಗಾರರ ಪತ್ರ)

ಉತ್ತರ: ಕೆದರಿದ ಪದರ ಬೇಗ ಒಣಗುತ್ತದೆ, ಮತ್ತು ಅದು ಒಣಗುವುದರಿಂದಲೇ ಕೆಳಗಿನದು ಉಳಿಯುತ್ತದೆ. ಮಳೆ ನಿಂತ ಮೇಲೆ ನೆಲ ಒಣಗುವುದು ಎರಡು ಹಂತಗಳಲ್ಲಿ. ಮೊದಲ ಹಂತದಲ್ಲಿ ನೀರು ಕೆಳಗಿನಿಂದ ಸಲೀಸಾಗಿ ಏರಿ ಬರುತ್ತದೆ, ಎಷ್ಟು ಆರಬೇಕು ಎಂಬುದನ್ನು ಬಿಸಿಲು ಮತ್ತು ಗಾಳಿ ನಿರ್ಧರಿಸುತ್ತವೆ. ಮೇಲ್ಪದರ ಒಣಗಿದೊಡನೆ ಎರಡನೆಯ ಹಂತ ಶುರುವಾಗುತ್ತದೆ: ಒಣ ಪದರದ ಮೂಲಕ ನೀರು ದ್ರವವಾಗಿ ಏರಲಾರದು, ಆವಿಯಾಗಿ ನುಸುಳಬೇಕು. ಇಲ್ಲಿಯೂ ವರ್ಗಮೂಲದ ನಿಯಮವೇ ಬರುತ್ತದೆ. ಮೊದಲ ದಿನ 4 ಮಿ.ಮೀ. ಹೋದರೆ ನಾಲ್ಕು ದಿನಕ್ಕೆ ಒಟ್ಟು 8, ಹದಿನಾರು ದಿನಕ್ಕೆ ಒಟ್ಟು 16. ಹರಗುವವನು ಮೊದಲ ಹಂತವನ್ನು ಮೊಟಕು ಮಾಡಿ ಎರಡನೆಯದನ್ನು ಬೇಗ ತರುತ್ತಾನೆ. ಹತ್ತು ದಿನ ತಡೆದು ಹರಗಿದರೆ ಹೋಗಬೇಕಾದ ನೀರಿನ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ಆದರೆ ಕುಂಟಿಗೆ ಮಣ್ಣು ಮೆತ್ತಿಕೊಳ್ಳುವಷ್ಟು ಹಸಿಯಿದ್ದಾಗ ಹೊಡೆದರೆ ಹೆಂಟೆ ಏಳುತ್ತದೆ, ಒಣ ಪುಡಿಯ ಪದರ ಬರುವುದಿಲ್ಲ. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಿ, ಕೈ ಬಿಟ್ಟರೆ ಒಡೆಯುವ ಹದ ಬೇಕು. ಎರೆ ಹೊಲದಲ್ಲಿ ಎಡೆಕುಂಟಿಯ ಇನ್ನೊಂದು ಉಪಕಾರವೆಂದರೆ ಸೀಳು ಮುಚ್ಚುವುದು, ಸೀಳಿನ ಗೋಡೆಗಳಿಂದ ಆಳದ ಹಸಿಯೂ ಆರಿಹೋಗುತ್ತದೆ. ನಿಮ್ಮ ಅಜ್ಜ ಹೇಳಿದ್ದು ಅಕ್ಷರಶಃ ಸರಿ.

ಪ್ರಶ್ನೆ: ಹದಿನೈದು ದಿನಗಳಾಚೆಗಿನ ಮಳೆಯನ್ನು ನಂಬುವಂತೆ ಹೇಳಲಾಗದವರು 2050ರ ಹವಾಮಾನ ಹೇಗಿರುತ್ತದೆ ಎಂದು ಹೇಳುವುದನ್ನು ಹೇಗೆ ನಂಬುವುದು? (ಹುಬ್ಬಳ್ಳಿಯ ಓದುಗರು)

ಉತ್ತರ: ಇವೆರಡೂ ಒಂದೇ ಸಮೀಕರಣಗಳಿಂದ ಬಂದರೂ ಕೇಳುವ ಪ್ರಶ್ನೆ ಬೇರೆ. ಗಾಳಿಯ ಚಲನೆಯ ಸಮೀಕರಣಗಳನ್ನು ಕೈಯಿಂದಲೇ ಬಿಡಿಸಿ ಹವೆ ಹೇಳಲು ಮೊದಲು ಯತ್ನಿಸಿದವರು ಬ್ರಿಟನ್ನಿನ ಲ್ಯೂಯಿಸ್ ಫ್ರೈ ರಿಚರ್ಡ್‌ಸನ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಸೇವೆಯಲ್ಲಿದ್ದಾಗ ಅವರು 1910ರ ಮೇ 20ರ ದಾಖಲೆಗಳನ್ನು ಹಿಡಿದು ಆರು ತಾಸಿನ ಮುನ್ಸೂಚನೆ ಲೆಕ್ಕ ಹಾಕಿದರು. ಒತ್ತಡ 145 ಹೆಕ್ಟೊಪಾಸ್ಕಲ್ ಏರುತ್ತದೆ ಎಂಬ ಅಸಾಧ್ಯ ಉತ್ತರ ಬಂದಿತು, ಮತ್ತು ಅವರು ಅದನ್ನು ಮುಚ್ಚಿಡದೆ 1922ರ ತಮ್ಮ ಪುಸ್ತಕದಲ್ಲಿ ಪ್ರಕಟಿಸಿದರು. (ಮಣ್ಣಿನಲ್ಲಿ ನೀರು ಚಲಿಸುವ ಸಮೀಕರಣವನ್ನೂ ರಿಚರ್ಡ್ಸ್ ಅವರಿಗಿಂತ ಒಂಬತ್ತು ವರ್ಷ ಮೊದಲು ಅದೇ ಪುಸ್ತಕದಲ್ಲಿ ಅವರು ಬರೆದಿದ್ದರು, ಹೆಸರುಗಳ ಹೋಲಿಕೆ ಕೇವಲ ಆಕಸ್ಮಿಕ.) ವಿಧಾನ ತಪ್ಪಾಗಿರಲಿಲ್ಲ, ಆರಂಭದ ಅಂಕಿಗಳಲ್ಲಿ ಸಮತೋಲನವಿರಲಿಲ್ಲ. 1950ರಲ್ಲಿ ಎನಿಯಾಕ್ ಕಂಪ್ಯೂಟರಿನಲ್ಲಿ ಮೊದಲ ಯಶಸ್ವಿ ಲೆಕ್ಕ ನಡೆದಾಗ, 24 ತಾಸಿನ ಮುನ್ಸೂಚನೆಗೆ ಸುಮಾರು 24 ತಾಸೇ ಹಿಡಿಯಿತು.

ಆರಂಭದ ಅಂಕಿಯ ಮಹತ್ವ ಎಷ್ಟೆಂಬುದನ್ನು 1963ರ ಪ್ರಬಂಧದಲ್ಲಿ ತೋರಿಸಿದವರು ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್. 0.506127 ಎಂಬ ಅಂಕಿಯ ಬದಲು 0.506 ಎಂದು ಕೊಟ್ಟಾಗ ಕಂಪ್ಯೂಟರಿನ ಹವೆ ಕೆಲಕಾಲ ಒಂದೇ ದಾರಿಯಲ್ಲಿ ನಡೆದು, ಆಮೇಲೆ ಪೂರ್ತಿ ಬೇರೆಯಾಯಿತು. ದಿನದಿನದ ಹವೆಯ ಮುನ್ಸೂಚನೆ ಸುಮಾರು ಎರಡು ವಾರಗಳಾಚೆಗೆ ನಿಲ್ಲದಿರುವುದಕ್ಕೆ ಇದು ಕಾರಣ. ಆದರೆ ಬರುವ ವರ್ಷವೂ ಧಾರವಾಡದಲ್ಲಿ ಡಿಸೆಂಬರ್ ರಾತ್ರಿಗಳು ಏಪ್ರಿಲ್ ರಾತ್ರಿಗಳಿಗಿಂತ ತಂಪಾಗಿರುತ್ತವೆ ಎಂದು ನೀವು ಪಣ ಕಟ್ಟಿ ಹೇಳಬಲ್ಲಿರಿ. ಅದು ಇಂದಿನ ಮೋಡ ಎಲ್ಲಿದೆ ಎಂಬುದನ್ನು ಅವಲಂಬಿಸಿಲ್ಲ; ಬಿಸಿಲು ಬೀಳುವ ಕೋನವನ್ನು, ಅಂದರೆ ಮತ್ತೆ ಗಡಿ ನಿಬಂಧನೆಯನ್ನು ಅವಲಂಬಿಸಿದೆ. ವಾತಾವರಣದ ಇಂಗಾಲದ ಡೈಆಕ್ಸೈಡ್ ಕೈಗಾರಿಕಾ ಕ್ರಾಂತಿಯ ಮುಂಚಿನ ಹತ್ತು ಲಕ್ಷಕ್ಕೆ 280 ಭಾಗದಿಂದ 420ಕ್ಕಿಂತ ಮೇಲಕ್ಕೆ ಏರಿರುವುದು ಇಂತಹ ಗಡಿ ಬದಲಾವಣೆಯೇ. 2050ರ ಬಗ್ಗೆ ಹೇಳುವಾಗ ಯಾವ ದಿನ ಮಳೆ ಎಂದು ಯಾರೂ ಹೇಳುವುದಿಲ್ಲ, ಎಂತಹ ಮಳೆ ಎಷ್ಟು ಸಲ ಬಂದೀತು ಎಂದು ಹೇಳುತ್ತಾರೆ.

ಈ ಎರಡರ ನಡುವೆ ನಿಲ್ಲುವುದು ಮುಂಗಾರಿನ ಮುನ್ಸೂಚನೆ. ಉಷ್ಣವಲಯದಲ್ಲಿ ಋತುವಿನ ಸರಾಸರಿ ಮಳೆಯನ್ನು ಸಮುದ್ರದ ತಾಪಮಾನದಂತಹ ನಿಧಾನಗತಿಯ ಗಡಿ ನಿಬಂಧನೆಗಳು ನಡೆಸುತ್ತವೆ, ಆದ್ದರಿಂದ ಅದನ್ನು ಒಂದಿಷ್ಟು ಮುಂಚಿತವಾಗಿ ಊಹಿಸಬಹುದು ಎಂದು ಹವಾಮಾನ ವಿಜ್ಞಾನಿಗಳಾದ ಅಮೆರಿಕದ ಜೂಲ್ ಚಾರ್ನಿ ಮತ್ತು ನಮ್ಮ ದೇಶದ ಜಗದೀಶ್ ಶುಕ್ಲಾ 1981ರಲ್ಲಿ ವಾದಿಸಿದರು. ಶಾಂತಸಾಗರ ಕಾಯ್ದ ಎಲ್ ನಿನೊ ವರ್ಷವಾದ 2023ರಲ್ಲಿ, 1901ರಿಂದೀಚೆಗಿನ ಅತಿ ಒಣ ಆಗಸ್ಟ್ ದೇಶಕ್ಕೆ ಬಂದಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಒಕ್ಕಲುತನಕ್ಕೆ ಇದರ ಬಳಕೆ ಹೀಗೆ: ಬಿತ್ತುವ, ಔಷಧ ಹೊಡೆಯುವ, ಕೊಯ್ಲಿನ ದಿನವನ್ನು ವಾರಕ್ಕೆರಡು ಸಲ ಬರುವ ಕೃಷಿ ಹವಾಮಾನ ಸಲಹೆ ನೋಡಿ ನಿರ್ಧರಿಸಿ. ಬೆಳೆ ಮತ್ತು ತಳಿಯ ಆಯ್ಕೆಗೆ ಋತುವಿನ ಮುನ್ಸೂಚನೆಯನ್ನು ಸಾಧ್ಯತೆಯಾಗಿ ಮಾತ್ರ ಹಿಡಿಯಿರಿ. ಒಡ್ಡು, ಕೋಡಿ, ಹೊಂಡ, ಮರಗಳಂತಹ ಹತ್ತಾರು ವರ್ಷಗಳ ಕೆಲಸಕ್ಕೆ, ಮಳೆ ಜೋರಾಗುತ್ತ ಬಿಡುವು ಉದ್ದವಾಗುತ್ತದೆ ಎಂಬ ದೀರ್ಘಕಾಲದ ಮಾತನ್ನು ಆಧಾರವಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಗದಗ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಂಪ್ಯೂಟರ್ ಇಲ್ಲದೆ, ಅವಕಲನ ಕಲಿಯದ ಮಕ್ಕಳು ಇಂತಹ ಸಮೀಕರಣವೊಂದನ್ನು ತಾವೇ ಬಿಡಿಸುವುದು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಲಿಯೊನಾರ್ಡ್ ಆಯ್ಲರ್ 1768ರಲ್ಲಿ ಪ್ರಕಟಿಸಿದ, ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗುವ ವಿಧಾನಕ್ಕೆ ಗುಣಾಕಾರ ಮತ್ತು ವ್ಯವಕಲನ ಸಾಕು. ನೆಲದಲ್ಲಿ ಬೆಳೆಗೆ ದಕ್ಕುವ 100 ಮಿ.ಮೀ. ನೀರಿದೆ, ಮಳೆಯಿಲ್ಲ, ಪ್ರತಿದಿನ ಇದ್ದುದರಲ್ಲಿ ಶೇ 4 ಖರ್ಚಾಗುತ್ತದೆ ಎಂದು ಹಿಡಿಯಿರಿ. ನೆಲ ಒಣಗಿದಂತೆ ಬೆಳೆ ಎಳೆದುಕೊಳ್ಳುವುದೂ ಕಡಿಮೆಯಾಗುವುದರಿಂದ ಈ ಊಹೆ ತಕ್ಕಮಟ್ಟಿಗೆ ಸರಿ. ಮರುದಿನ 96, ಅದರ ಮರುದಿನ 92.16, ಹೀಗೆ ಮಕ್ಕಳು ಬರೆಯುತ್ತ ಹೋದರೆ 17ನೆಯ ದಿನ ಅರ್ಧಕ್ಕೆ ಬಂದಿರುತ್ತದೆ. ಇನ್ನೊಂದು ಗುಂಪಿಗೆ ಹತ್ತು ದಿನಕ್ಕೊಂದು ಹೆಜ್ಜೆ ಇಡಲು ಹೇಳಿ: 100ರಿಂದ 60, ಆಮೇಲೆ 36. ದಿನದಿನದ ಲೆಕ್ಕದವರಿಗೆ ಹತ್ತನೆಯ ದಿನ 66.5, ಇಪ್ಪತ್ತನೆಯ ದಿನ 44.2 ಬಂದಿರುತ್ತದೆ. ಒಂದೇ ಸಮೀಕರಣಕ್ಕೆ ಎರಡು ಉತ್ತರ ಏಕೆ ಬಂದಿತು ಎಂದು ಮಕ್ಕಳೇ ಕೇಳುತ್ತಾರೆ, ಮತ್ತು ಹೆಜ್ಜೆ ದೊಡ್ಡದಾದಷ್ಟೂ ತಪ್ಪು ದೊಡ್ಡದಾಗುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಆಮೇಲೆ ಶಾಲೆಯ ಅಂಗಳದಲ್ಲಿ ನೆಟ್ಟಗಿನ ಗೋಡೆಯ ಒಂದು ಡಬ್ಬಿ ಇಟ್ಟು, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಮಿ.ಮೀ.ನಲ್ಲಿ ಅಳೆದು ಆ ದಿನದ ಲೆಕ್ಕಕ್ಕೆ ಕೂಡಿಸಬಹುದು. ಬಾಯಿ ಎಷ್ಟು ಅಗಲವಿದ್ದರೂ ಎತ್ತರ ಅಷ್ಟೇ ಬರುತ್ತದೆ. ಎರೆ ಹೊಲದ ಮಕ್ಕಳು 150 ಮಿ.ಮೀ. ದಾಟಿದ್ದನ್ನು ಹರಿದುಹೋದದ್ದೆಂದು ಕಳೆಯಲಿ, ಮಸಾರಿ (ಕೆಂಪು ಮಣ್ಣಿನ) ಹೊಲದವರು ಅದರ ಅರ್ಧಕ್ಕೇ ಕಳೆಯಲಿ. ಅದೇ ಮಳೆಗೆ ಇಬ್ಬರ ಪಟ್ಟಿ ಎಷ್ಟು ಬೇರೆಯಾಗುತ್ತದೆ ಎಂಬುದನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಲೆಕ್ಕ ನೆಲಕ್ಕೆ ಹೊಂದುತ್ತದೆಯೇ ಎಂದು ಹದಿನೈದು ದಿನಕ್ಕೊಮ್ಮೆ ಪರೀಕ್ಷಿಸಬೇಕು: ಗೇಣಾಳದಿಂದ ಒಂದು ಬೊಗಸೆ ಮಣ್ಣು ತೆಗೆದು ತೂಗಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ಒಂದು ಹಿಂಗಾರಿ ಹಂಗಾಮು ಪೂರ್ತಿ ಹೀಗೆ ಬರೆದಿಟ್ಟರೆ ಆ ಪಟ್ಟಿಯನ್ನು ನನಗೆ ಕಳುಹಿಸಿ, ಶೇ 4ರ ಊಹೆ ನಿಮ್ಮ ಊರಿನ ಮಣ್ಣಿಗೆ ಎಷ್ಟಾಗಬೇಕು ಎಂಬುದನ್ನು ಮಕ್ಕಳ ಅಂಕಿಗಳಿಂದಲೇ ತೆಗೆದು ಇದೇ ಅಂಕಣದಲ್ಲಿ ತೋರಿಸುತ್ತೇನೆ.